ರೆಡ್ಡಿ ಮನೆಯ ಬೋರ್ಡಿಗೆ ಐಇಎಸ್ ಯಾಕೆ ಬೇಡ?

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಗೇಟಿನ ಪಕ್ಕ ಕರಿ ಗ್ರಾನೈಟಿನ ಫಲಕ ಹಾಕಿಸುವುದು ಈಗ ಮಾಮೂಲು. ಅದರ ಮೇಲೆ ಇಂಗ್ಲಿಷಿನಲ್ಲಿ 'ದಿ ರೆಡ್ಡೀಸ್' ಅಂತ ಕೆತ್ತಿಸಬೇಕು ಅಂದಾಗ ಚರ್ಚೆ ಶುರುವಾಗುತ್ತದೆ. ಕೊನೆಯ ವೈ ಹಾಗೇ ಇಟ್ಟು ಎಸ್ ಸೇರಿಸಬೇಕಾ? ವೈ ತೆಗೆದು ಐಇಎಸ್ ಹಾಕಬೇಕಾ? ನಡುವೆ ಅಪಾಸ್ಟ್ರಫಿ, ಅಂದರೆ ಆ ಮೇಲಿನ ಕೊಕ್ಕೆ, ಬೇಕಾ? ಪಿಯುಸಿ ಓದುವ ಮಗಳು ಒಂದು ಹೇಳುತ್ತಾಳೆ, ಡಿಟಿಪಿ ಮಾಡುವವರು ಇನ್ನೊಂದು. ಕಲ್ಲಿಗೆ ಬಿದ್ದ ಅಕ್ಷರ ಅಳಿಸಲು ಬರುವುದಿಲ್ಲ.

ಸರಿಯಾದದ್ದು ಮೊದಲನೆಯದು. ಉಳಿದ ಎರಡು ಎಲ್ಲಿಂದ ಬಂದವು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಹಲವು ದಾರಿ ಇದ್ದವು. ಕೆಲವು ಪದಗಳಿಗೆ ಒಳಗಿನ ಸ್ವರವೇ ಬದಲಾಗುತ್ತಿತ್ತು. ಫುಟ್-ಫೀಟ್, ಮ್ಯಾನ್-ಮೆನ್ ಆ ಕಾಲದ ಉಳಿಕೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಕೆಲವು ಶತಮಾನಗಳಲ್ಲಿ ಎಸ್ ಹೆಚ್ಚುಕಮ್ಮಿ ಎಲ್ಲವನ್ನೂ ನುಂಗಿತು. ದಕ್ಷಿಣ ಇಂಗ್ಲೆಂಡಿನಲ್ಲಿ ಬಹಳ ಕಾಲ ನಡೆದ 'ಎನ್' ಈಗ ಆಕ್ಸನ್‌ನಂಥ ಒಂದೆರಡು ಪದದಲ್ಲಿ ಮಾತ್ರ ಇದೆ. ಚಿಲ್ಡ್ರನ್ ಅಂತೂ ಬಹುವಚನದ ಮೇಲೆ ಬಹುವಚನ. 'ರ್' ಸೇರಿ ಆಗಲೇ ಬಹುವಚನವಾಗಿದ್ದ ಪದಕ್ಕೆ ಮತ್ತೆ 'ಎನ್' ಹತ್ತಿತು. ನಾವು ಫ್ರೆಂಡ್ಸ್‌ಗಳು, ಪೇರೆಂಟ್ಸ್‌ಗಳು ಅನ್ನುವುದೂ ಇದೇ ಥರ ಅಲ್ವಾ? ಅದಕ್ಕೆ ಯಾರನ್ನೂ ನೋಡಿ ನಗಬೇಕಾಗಿಲ್ಲ.

ಇನ್ನು ಐಇಎಸ್. 16ನೇ ಶತಮಾನದಲ್ಲಿ ಸಿಟಿ, ಲೇಡಿ ಇಂಥ ಪದಗಳ ಕೊನೆಗೆ ವೈ ಹಾಕಿಯೂ ಬರೆಯುತ್ತಿದ್ದರು, ಐಇ ಹಾಕಿಯೂ ಬರೆಯುತ್ತಿದ್ದರು. ಆಮೇಲೆ ಏಕವಚನದಲ್ಲಿ ವೈ ನಿಂತಿತು, ಬಹುವಚನದಲ್ಲಿ ಹಳೆಯ ಐಇ ಉಳಿಯಿತು. ಇದೇ ಶಾಲೆಯಲ್ಲಿ "ವೈ ತೆಗೆದು ಐಇಎಸ್ ಸೇರಿಸಿ" ಎಂಬ ನಿಯಮವಾಯಿತು. ಇದು ರೂಢನಾಮದ ಲೆಕ್ಕ. ಅಂಕಿತನಾಮದಲ್ಲಿ ಹೆಸರಿನ ಅಕ್ಷರ ಕೆಡಬಾರದು. ಐಇಎಸ್ ಹಾಕಿದರೆ ಮೂಲ ಹೆಸರಿನ ಕೊನೆಗೆ ವೈ ಇತ್ತೋ ಐಇ ಇತ್ತೋ ಓದುವವರಿಗೆ ಗೊತ್ತಾಗುವುದಿಲ್ಲ. ಅಮೆರಿಕದ ಕೆನಡಿ ಮನೆತನದ ಬಗ್ಗೆ ಬರೆಯುವಾಗಲೂ ವೈ ಹಾಗೇ ಇರುತ್ತದೆ. ಎಲೆಗಳಿಗೆ ಲೀವ್ಸ್ ಅಂದರೂ ಟೊರಾಂಟೊದ ಐಸ್ ಹಾಕಿ ತಂಡದ ಹೆಸರು ಮೇಪಲ್ ಲೀಫ್ಸ್. ರಾಕೀಸ್ ಪರ್ವತದಂಥ ಕೆಲವು ಹೆಸರುಗಳು ಮಾತ್ರ ಇದಕ್ಕೆ ಹೊರತು.

ಅಪಾಸ್ಟ್ರಫಿ ಬಂದದ್ದು 16ನೇ ಶತಮಾನದಲ್ಲಿ, ಬಿಟ್ಟುಹೋದ ಅಕ್ಷರದ ಗುರುತಾಗಿ. 18ನೇ ಶತಮಾನದಲ್ಲಿ ಒಪೆರಾದಂಥ ಹೊರಗಿನ ಪದಗಳ ಬಹುವಚನಕ್ಕೂ ಅದನ್ನು ಹಾಕುವವರಿದ್ದರು. ಆಮೇಲೆ ವ್ಯಾಕರಣದವರು ತಪ್ಪು ಅಂದರು. ಆದರೂ ಇಂಗ್ಲೆಂಡಿನ ತರಕಾರಿ ಅಂಗಡಿಯ ಬೋರ್ಡುಗಳಲ್ಲಿ ಉಳಿದುಕೊಂಡಿತು. ಅಲ್ಲಿ ಅದಕ್ಕೆ ತರಕಾರಿ ಅಂಗಡಿಯವರ ಅಪಾಸ್ಟ್ರಫಿ ಅಂತಲೇ ಹೆಸರು.

ನಮ್ಮಲ್ಲಿ ತೊಡಕು ಜಾಸ್ತಿ ಆಗಲು ಕನ್ನಡದ ರೀತಿಯೂ ಕಾರಣ. ಹೋಟೆಲಿನಲ್ಲಿ ಕೂತು "ಎರಡು ಬೆಣ್ಣೆ ದೋಸೆ" ಅನ್ನುತ್ತೇವೆ. ಸಂಖ್ಯೆ ಹೇಳಿದ ಮೇಲೆ 'ಗಳು' ಬೇಕಾಗುವುದಿಲ್ಲ. ಅದಕ್ಕೇ ಮಗು 'ಟೂ ಬುಕ್' ಅಂತ ಬರೆಯುತ್ತದೆ. "ರೆಡ್ಡಿಯವರು ಬಂದರು" ಅಂದರೆ ಬಂದವರು ಒಬ್ಬರೇ ಇರಬಹುದು. ಚಿತ್ರದುರ್ಗದ ಮಠಗಳಲ್ಲಿ ಒಬ್ಬ ಸ್ವಾಮೀಜಿಗೂ 'ಶ್ರೀಗಳು' ಅನ್ನುತ್ತೇವೆ. ನಮ್ಮ ಬಹುವಚನ ಮರ್ಯಾದೆಯನ್ನೂ ಹೊರುತ್ತದೆ. ಇಂಗ್ಲಿಷಿನ ಎಸ್ ಬರೀ ಎಣಿಸುತ್ತದೆ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಐದನೇ ತರಗತಿಯಿಂದ ಇದ್ದ ಇಂಗ್ಲಿಷ್ 2007ರಲ್ಲಿ ಒಂದನೇ ತರಗತಿಗೆ ಬಂತು. ಕಲಿಯುವ ವರ್ಷ ಹೆಚ್ಚಾದವು. ಬೇಬಿ-ಬೇಬೀಸ್, ನೈಫ್-ನೈವ್ಸ್ ಬಾಯಿಪಾಠ ಮಾತ್ರ ಹಾಗೇ ನಡೆದಿದೆ. ಹೆಸರಿನ ವಿಷಯ ಬಂದರೆ "ಅಂಕಿತನಾಮಕ್ಕೆ ಬಹುವಚನ ಇಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸುವುದುಂಟು. ಒಂದೇ ಕ್ಲಾಸಿನಲ್ಲಿ ಮೂವರು ಕಾವ್ಯ ಇದ್ದರೆ ಮಕ್ಕಳು ಏನು ಬರೆಯಬೇಕು? ಗೊತ್ತಿರುವ ನಿಯಮವನ್ನೇ ಹೆಸರಿಗೂ ಹಚ್ಚುತ್ತಾರೆ. ಆಮೇಲೆ ತಪ್ಪು ಅಂತ ಕೆಂಪು ಗೆರೆ ಬೀಳುವುದು ಅವರಿಗೇ.

ಫಲಕ ಮಾಡಿಸುವವರು ಚೀಟಿಯಲ್ಲಿ ಹೀಗೆ ಬರೆದುಕೊಟ್ಟರೆ ಸಾಕು. ರೆಡ್ಡಿ, ಶೆಟ್ಟಿ, ಪಾಟೀಲ್ ಮುಂದೆ ಬರೀ ಎಸ್. ದಾಸ್ ಥರ ಎಸ್‌ನಿಂದಲೇ ಮುಗಿಯುವ ಹೆಸರಾದರೆ ಇಎಸ್. 'ರೆಡ್ಡಿಯವರ ಮನೆ' ಅಂತಲೇ ಇಂಗ್ಲಿಷಿನಲ್ಲಿ ಬರಬೇಕಿದ್ದರೆ ಆಗ ಅಪಾಸ್ಟ್ರಫಿ ಬೇಕು, ಅದೂ ಎಸ್ ಆದ ಮೇಲೆ.