ಕಾಟರಿಯ ಇನ್ನೊಂದು ತುದಿ

ಬರೆ ಹಾಕುವಾಗ ಮೊದಲು ಕಾಯುವುದು ಕಬ್ಬಿಣ; ಅದರ ಬಿಸಿ ಆಮೇಲೆ ಚರ್ಮಕ್ಕೆ ಇಳಿಯುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಕರೆಂಟಿನಿಂದ ಕೊಯ್ಯುವ, ರಕ್ತ ನಿಲ್ಲಿಸುವ ಯಂತ್ರವಾದ ಕಾಟರಿಯ ಕೆಲಸ ಬೇರೆ. ಪೆನ್ನಿನಂಥ ಹಿಡಿಕೆಯ ತುದಿಯನ್ನು ಯಾರೂ ಕಾಯಿಸಿರುವುದಿಲ್ಲ. ಅಲ್ಲಿಂದ ಹರಿಯುವ ಕರೆಂಟಿಗೆ ತಡೆಯೊಡ್ಡುವ ಮಾಂಸವೇ ಕಾಯುತ್ತದೆ.

ಕರೆಂಟು ಹರಿದರೂ ರೋಗಿಗೆ ಶಾಕ್ ಹೊಡೆಯುವುದಿಲ್ಲ. ಮನೆಯ ಕರೆಂಟು 50 ಹರ್ಟ್ಸ್, ಕಾಟರಿಯದು ಸಾಮಾನ್ಯವಾಗಿ 3ರಿಂದ 5 ಲಕ್ಷ ಹರ್ಟ್ಸ್. ನರ, ಸ್ನಾಯುಗಳು ಪ್ರತಿಕ್ರಿಯಿಸುವ ಮೊದಲೇ ಕರೆಂಟು ದಿಕ್ಕು ಬದಲಿಸಿರುತ್ತದೆ. ಉಳಿಯುವುದು ಬಿಸಿ ಮಾತ್ರ.

ಹಿಡಿಕೆಯ ಹಳದಿ ಗುಂಡಿ ಒತ್ತಿದರೆ ಕರೆಂಟು ಎಡೆಬಿಡದೆ ಹರಿದು, ಜೀವಕೋಶದ ನೀರು ಕುದಿದು ಕೋಶ ಸಿಡಿಯುತ್ತದೆ: ಅದೇ ಕೊಯ್ತ. ನೀಲಿ ಗುಂಡಿಯಲ್ಲಿ ವೋಲ್ಟೇಜು ಹೆಚ್ಚು, ಆದರೆ ಕರೆಂಟು ಹರಿಯುವುದು ನೂರರಲ್ಲಿ ಸುಮಾರು 6 ಪಾಲು ಸಮಯ ಮಾತ್ರ. ನಡುನಡುವೆ ಆರುವುದರಿಂದ ಕೋಶ ಸಿಡಿಯದೆ ಒಣಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್, ರಕ್ತಸ್ರಾವಕ್ಕೆ ಹೆದರಿ ಕೆಲವೇ ದಿನ ಮೊದಲು ಅರ್ಧಕ್ಕೆ ಬಿಟ್ಟಿದ್ದ ತಲೆಯ ಗಡ್ಡೆಯೊಂದನ್ನು ವಿಲಿಯಂ ಬೋವಿ ರೂಪಿಸಿದ ಇಂಥದೇ ಯಂತ್ರದಿಂದ ತೆಗೆದರು. ಮಿದುಳಿನ ಶಸ್ತ್ರಚಿಕಿತ್ಸೆಯ ಎಲ್ಲೆಯೇ ಅಲ್ಲಿಂದ ಹಿಗ್ಗಿತು.

ಎಲ್ಲರ ಕಣ್ಣೂ ಆ ಪೆನ್ನಿನ ಮೇಲೆ. ರೋಗಿಯ ಕ್ಷೇಮ ನಿಂತಿರುವುದು ಮಾತ್ರ ತೊಡೆಗೆ ಅಂಟಿಸಿದ ಪ್ಲೇಟಿನ ಮೇಲೆ. ಪೆನ್ನಿನಿಂದ ಹೊರಟ ಕರೆಂಟು ಯಂತ್ರಕ್ಕೆ ಮರಳುವುದು ಅದರ ಮೂಲಕವೇ. ತುದಿ 2 ಚದರ ಮಿಲಿಮೀಟರ್, ಪ್ಲೇಟು 100 ಚದರ ಸೆಂಟಿಮೀಟರ್ ಎನ್ನಿ. ಎರಡೂ ಕಡೆ ಹರಿಯುವ ಕರೆಂಟು ಒಂದೇ. ಪ್ಲೇಟಿನಡಿ ಅದು 5,000 ಪಟ್ಟು ಚದುರುತ್ತದೆ. ಬಿಸಿಯು ಕರೆಂಟಿನ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಅಲ್ಲಿನ ಚರ್ಮಕ್ಕೆ ಏನೂ ಆಗುವುದಿಲ್ಲ. ಆದರೆ ಇದೇ ಲೆಕ್ಕ ತಿರುಗಿ ಬೀಳಲೂಬಹುದು. ಪ್ಲೇಟು ಕಿತ್ತುಬಂದು ಕಾಲುಭಾಗವಷ್ಟೇ ಅಂಟಿಕೊಂಡಿದ್ದರೆ ಅಲ್ಲಿ ಸಾಂದ್ರತೆ 4 ಪಟ್ಟು, ಬಿಸಿ 16 ಪಟ್ಟು. ಅರಿವಳಿಕೆಯಲ್ಲಿರುವ ರೋಗಿ ಉರಿ ಎನ್ನಲಾರ.

ಆದ್ದರಿಂದ ಪ್ಲೇಟಿಗೆ ಮಾಂಸಲವಾದ, ಒಣಗಿದ, ಕೂದಲಿಲ್ಲದ ಜಾಗ ಬೇಕು. ಕೊಯ್ಯುವ ಜಾಗಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಮೂಳೆ ಉಬ್ಬಿದಲ್ಲಿ, ಹಳೆ ಗಾಯದ ಕಲೆಯ ಮೇಲೆ, ಒಳಗೆ ರಾಡ್ ಇರುವಲ್ಲಿ ಬೇಡ. ಕಿತ್ತದ್ದನ್ನು ಮತ್ತೆ ಅಂಟಿಸಬಾರದು. ಈಗಿನ ಪ್ಲೇಟು ಎರಡು ಹೋಳಾಗಿರುತ್ತದೆ. ಹೋಳುಗಳ ನಡುವಿನ ತಡೆಯನ್ನು ಯಂತ್ರ ಅಳೆಯುತ್ತಲೇ ಇದ್ದು, ಅಂಟು ಸಡಿಲಾದರೆ ಕೂಗಿ ಕರೆಂಟು ನಿಲ್ಲಿಸುತ್ತದೆ. ನನ್ನ ಮಟ್ಟಿಗೆ ಈ ಯಂತ್ರದಲ್ಲಾದ ಅತಿ ದೊಡ್ಡ ಸುಧಾರಣೆ ಇದೇ.

ಎಂದಿನ ಪವರಿನಲ್ಲಿ ಸರಿಯಾಗಿ ಕೊಯ್ಯದಿದ್ದಾಗ ‘ಪವರ್ ಏರಿಸಿ’ ಎನ್ನುವುದು ತಪ್ಪು. ಮೊದಲು ಪ್ಲೇಟು ನೋಡಬೇಕು, ವೈರು ನೋಡಬೇಕು, ತುದಿಗೆ ಹತ್ತಿದ ಕರಿ ಒರೆಸಬೇಕು. ಸ್ಪಿರಿಟ್ ಬೆರೆತ ಔಷಧ ಹಚ್ಚಿದ್ದರೆ ಕನಿಷ್ಠ 3 ನಿಮಿಷ ಒಣಗಬೇಕು, ಕೂದಲಿದ್ದಲ್ಲಿ ಇನ್ನೂ ಹೆಚ್ಚು. ಹೊದಿಕೆಯಡಿ ಸಿಕ್ಕಿಕೊಂಡ ಆವಿಗೆ ಒಂದು ಕಿಡಿ ಸಾಕು.

ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವ ಪೇಸ್‌ಮೇಕರ್ ಇರುವವರು ಅದನ್ನು ಮುಂಚೆಯೇ ವೈದ್ಯರಿಗೆ ಹೇಳಬೇಕು. ಕಾಟರಿಯ ಸಂಕೇತವನ್ನು ಅದು ಹೃದಯದ ಬಡಿತವೆಂದು ತಿಳಿದು ಸುಮ್ಮನಾಗಬಹುದು. ಸಾಧ್ಯವಿದ್ದಲ್ಲಿ ಅಂಥವರಿಗೆ ಬೈಪೋಲಾರ್ ಚಿಮುಟ ಬಳಸುತ್ತಾರೆ: ಕರೆಂಟು ಒಂದು ಕಡ್ಡಿಯಿಂದ ಹೊರಟು ಇನ್ನೊಂದಕ್ಕೆ ಸೇರುತ್ತದೆ, ನಡುವೆ ಹಿಡಿದ ಮಾಂಸವಷ್ಟೇ ಕಾಯುತ್ತದೆ. ಅದಕ್ಕೆ ಪ್ಲೇಟೇ ಬೇಡ.