ಗುಡ್ಡ ತೋರಿಸುವ ಹಕ್ಕು ಯಾರದು?

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ಗುಡ್ಡದ ಮೇಲೆ ಕಬ್ಬಿಣದ ಯುಗದ ನೂರಾರು ಕಲ್ಲುಮನೆಗಳಿವೆ, ಅಂದರೆ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು. ಊರವರಿಗೆ ಅದು ಮೊರೇರ ಬೆಟ್ಟ. ಹೊರಗಿನವರು ಬರಲಿ ಎನ್ನುವುದು ಸರಿ. ಬಂದವರನ್ನು ಯಾರು ಕರೆದುಕೊಂಡು ಹೋಗಬೇಕು, ಏನು ಹೇಳಬೇಕು ಎಂಬಲ್ಲಿ ಗೊಂದಲವಿದೆ.

ಈ ಗೊಂದಲ ಹಳೆಯದು. ಬಳ್ಳಾರಿ 1953ರವರೆಗೆ ಮದರಾಸಿನದು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನವು. ಇಲ್ಲಿನ ಚರಿತ್ರೆಯ ಕಡತ ಬಹಳ ಕಾಲ ದೂರದ ಊರುಗಳಲ್ಲೇ ಬೆಳೆಯಿತು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಬೆಳಕಿಗೆ ತಂದವರು ಚಿನ್ನ ಹುಡುಕುತ್ತಿದ್ದ ಎಂಜಿನಿಯರ್.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಕಲ್ಲಿನ ಆಯುಧಗಳನ್ನು ಗುರುತಿಸಿದರು. ಅವರ ಸಂಗ್ರಹ 1904ರಲ್ಲಿ ಮದರಾಸಿನ ಮ್ಯೂಸಿಯಂ ಸೇರಿತು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಗೆದು ನೋಡಿದರು. ಮುಂದಿನ ಉತ್ಖನನಗಳಲ್ಲಿ ನವಶಿಲಾಯುಗದಲ್ಲಿ ಇಲ್ಲಿದ್ದ ಜನ ಹುರುಳಿ, ಹೆಸರು, ಕೊರಲೆ ತಿನ್ನುತ್ತಿದ್ದರು ಎಂದು ಗೊತ್ತಾಯಿತು. ಇಲ್ಲಿನ ಹಿರೇಗುಡ್ಡದಲ್ಲಿ ಕಲ್ಲುಕೊಡಲಿ ಮಾಡುವ ದೊಡ್ಡ ಕಾರ್ಯಾಗಾರವೇ ಇತ್ತು. ಅದೇ ಗುಡ್ಡದ ಕಪ್ಪು ಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಚಿತ್ರಗಳಿವೆ. ಕೆಲವು ಬಂಡೆ ಬಡಿದರೆ ಗಂಟೆಯಂತೆ ಸದ್ದು ಮಾಡುತ್ತವೆ. ಚಿತ್ರ ಕೊರೆದವರಿಗೆ ಆ ಸದ್ದೂ ಮುಖ್ಯವಾಗಿತ್ತು ಅನ್ನುವ ಸಂಶೋಧಕರಿದ್ದಾರೆ. ಈ ಸದ್ದನ್ನು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಲು ಆಗುವುದಿಲ್ಲ ಅಲ್ವಾ? ಅಷ್ಟರಲ್ಲಿ ಕಲ್ಲುಕ್ವಾರಿ ಈ ಗುಡ್ಡಕ್ಕೂ ಬಂದಿತ್ತು.

ಈಗ ಬಳ್ಳಾರಿಯಲ್ಲೇ ಫೂಟ್ ಹೆಸರಿನ ಮ್ಯೂಸಿಯಂ ಇದೆ. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರ ಶ್ರಮ ಅದರ ಹಿಂದಿದೆ. ಇದು ದೊಡ್ಡ ಕೆಲಸ. ಆದರೆ ಮ್ಯೂಸಿಯಂ ನೋಡಿದವರು ಗುಡ್ಡಕ್ಕೂ ಹೋದರೆ ಮಾತ್ರ ಕಥೆ ಪೂರ್ತಿ ಆಗುತ್ತದೆ. ಗುಡ್ಡದಲ್ಲಿ ದಾರಿ ಗೊತ್ತಿರುವುದು ಕುರಿ ಮೇಯಿಸುವವರಿಗೆ, ಸುತ್ತಲಿನ ಹೊಲದವರಿಗೆ.

ಅವರ ಬಳಿ ಕಥೆಗಳೂ ಇವೆ. ಹಂಪಿ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ದನದ ದೊಡ್ಡಿಗಳ ಸಗಣಿ ಉರಿದು ಇಂಥ ದಿಬ್ಬಗಳಾದವು ಎಂಬುದು ವಿಜ್ಞಾನದ ಮಾತು. ಕುಡತಿನಿಯಲ್ಲೂ ಇಂಥದ್ದೇ ದಿಬ್ಬವಿದೆ. ಒಳ್ಳೆಯ ಗೈಡ್ ಎರಡನ್ನೂ ಹೇಳಬೇಕು. ವಾಲಿಯ ಕಥೆಯನ್ನು ಮೂಢನಂಬಿಕೆ ಎಂದು ತಳ್ಳುವ ಪ್ರವಾಸ ಅರ್ಧ ಪ್ರವಾಸ. ಸಗಣಿಯ ಮಾತನ್ನು ಮುಚ್ಚಿಡುವುದೂ ಅಷ್ಟೇ ತಪ್ಪು.

ಆನೆಗುಂದಿಯಲ್ಲಿ 1997ರಿಂದ ಕಿಷ್ಕಿಂದಾ ಟ್ರಸ್ಟ್ ಊರವರನ್ನೇ ಸೇರಿಸಿಕೊಂಡು ಬಾಳೆನಾರಿನ ಕಸುಬು, ಪ್ರವಾಸೋದ್ಯಮದ ಕೆಲಸ ಮಾಡುತ್ತಿದೆ. ಪ್ರವಾಸಿಗರ ದುಡ್ಡು ಊರೊಳಗೇ ಉಳಿಯುವ ದಾರಿ ಅದು. ಸಂಗನಕಲ್ಲು, ಹಿರೇಬೆಣಕಲ್, ಮಸ್ಕಿಗೂ ಇದು ಬೇಕು. ಸುಮ್ನೆ ಒಂದು ಬೋರ್ಡ್ ನೆಟ್ಟರೆ ಸಾಲದು. ಊರಿನ ಹುಡುಗ ಹುಡುಗಿಯರಿಗೆ ಮ್ಯೂಸಿಯಂನಲ್ಲಿ ತರಬೇತಿ, ಗುರುತಿನ ಚೀಟಿ, ನಿಗದಿಯಾದ ದರ ಸಿಗಬೇಕು. ನಡಿಗೆ ಬೆಳಿಗ್ಗೆ ಬೇಗ ಶುರುವಾಗಬೇಕು. ಹತ್ತರ ಮೇಲೆ ಈ ಬಂಡೆಗಳ ಮೇಲೆ ಕಾಲಿಡಲು ಆಗುವುದಿಲ್ಲ.