ದೊಡ್ಡವರ ಶಿಫಾರಸು ಇಲ್ಲದೆ ವಿದ್ಯಾರ್ಥಿವೇತನ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಮಗಳು ತೀರ್ಥಹಳ್ಳಿ ಕಡೆಯ ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಪದವಿಗೆ ಶಿವಮೊಗ್ಗಕ್ಕೆ ಸೇರಿಸಬೇಕೆಂದಿದ್ದೇವೆ. ಅವಳ ಉಪನ್ಯಾಸಕರೊಬ್ಬರು ವಿದ್ಯಾರ್ಥಿವೇತನಕ್ಕೆ ನೆರವಾಗುತ್ತೇನೆ ಎಂದಿದ್ದಾರೆ. ಆದರೆ ದೊಡ್ಡವರ ಶಿಫಾರಸು ಇಲ್ಲದೆ ಯಾವುದೂ ಆಗುವುದಿಲ್ಲ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಮೇಷ್ಟ್ರೊಬ್ಬರ ಮಾತು ಅಲ್ಲಿ ನಡೆಯುತ್ತದೆಯೇ?

ಉತ್ತರ: ಪಿಯುಸಿ ಫಲಿತಾಂಶ ಬಂದ ಮರುವಾರದಿಂದ ಮಳೆ ಹಿಡಿಯುವವರೆಗೆ ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ಸಿಕ್ಕಿಲ್ಲ. ಬಸ್ ನಿಲ್ದಾಣದಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಸೊಸೈಟಿಯ ಜಗಲಿಯಲ್ಲಿ ನಿಂತು ಹೇಳಿದ್ದೇನೆ. ಈ ಸಲ ಬರೆದೇ ಇಡುತ್ತೇನೆ. ನಿಮ್ಮ ಮಗಳಿಗೆ ಶಿಫಾರಸು ಬೇಕಿಲ್ಲ, ಮೇಷ್ಟ್ರು ಬೇಕು. ಇವೆರಡೂ ಒಂದೇ ಎಂದು ತಿಳಿದುಕೊಂಡದ್ದರಿಂದಲೇ ನಮ್ಮ ಕಡೆಯ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕದೆ ಉಳಿದಿದ್ದಾರೆ.

ಗೊಂದಲ ಹುಟ್ಟುವುದು ಆ ಪದದಲ್ಲಿಯೇ. ಖಾಸಗಿ ಸಂಸ್ಥೆಗಳ ಕೆಲವು ಅರ್ಜಿಗಳಲ್ಲಿ ಅಧ್ಯಾಪಕರಿಂದ ಒಂದು ಪತ್ರ ಕೇಳುತ್ತಾರೆ. ಕನ್ನಡದಲ್ಲಿ ಅದನ್ನು ಶಿಫಾರಸು ಪತ್ರ ಎಂದು ಕರೆಯುವ ರೂಢಿ ಬಂದುಬಿಟ್ಟಿದೆ. ಆದರೆ ನಮ್ಮ ಮನೆಗಳಲ್ಲಿ ಶಿಫಾರಸು ಎಂದರೆ ವಶೀಲಿ, ಅಂದರೆ ಬಲ್ಲವರು ಫೋನು ಮಾಡಿ ಕೆಲಸ ಮಾಡಿಸಿಕೊಡುವುದು. ಅಧ್ಯಾಪಕರ ಪತ್ರ ಅದಲ್ಲ, ಅದು ಸಾಕ್ಷಿ. ಈ ಹುಡುಗಿಯನ್ನು ಎರಡು ವರ್ಷ ಹತ್ತಿರದಿಂದ ಕಂಡಿದ್ದೇನೆ, ಇವಳು ಇಂಥವಳು ಎಂದು ಒಬ್ಬರು ತಮ್ಮ ಹೆಸರಿನ ಹೊಣೆಯ ಮೇಲೆ ಹೇಳುವ ಮಾತು.

ಇನ್ನು ಸರ್ಕಾರದ ಯೋಜನೆಗಳಲ್ಲಿ ಇಂಥ ಪತ್ರವನ್ನು ಇಡುವ ಜಾಗವೇ ಇರುವುದಿಲ್ಲ. ಪಿಯುಸಿ ಮುಗಿಸಿ ಪದವಿಗೆ ಸೇರುವವರಿಗೆ ಕೇಂದ್ರ ಸರ್ಕಾರ ಕೊಡುವ ಕೇಂದ್ರ ವಲಯದ ವಿದ್ಯಾರ್ಥಿವೇತನವನ್ನೇ ನೋಡಿ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳಿದ್ದು, ಅವುಗಳನ್ನು ರಾಜ್ಯಗಳಲ್ಲಿರುವ 18ರಿಂದ 25 ವರ್ಷದವರ ಜನಸಂಖ್ಯೆಗೆ ಅನುಗುಣವಾಗಿ ಹಂಚಿ, ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಪ್ರಮಾಣದಲ್ಲಿ ಒಡೆದು, ಅರ್ಧವನ್ನು ಹೆಣ್ಣುಮಕ್ಕಳಿಗೆ ಮೀಸಲಿಡುತ್ತಾರೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಬಾರದು, ಮಗು ತನ್ನ ಪರೀಕ್ಷಾ ಮಂಡಳಿಯಲ್ಲಿ 80ನೆಯ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದನ್ನು ಶೇಕಡಾ 80 ಅಂಕ ಎಂದು ಓದಿಕೊಂಡು ಹಿಂದೆ ಸರಿದವರನ್ನೂ ಅನವಶ್ಯಕವಾಗಿ ಹಿಗ್ಗಿದವರನ್ನೂ ನಾನು ಕಂಡಿದ್ದೇನೆ. ತನ್ನ ಜೊತೆಗಿದ್ದ ಪ್ರತಿ ನೂರು ಮಂದಿಯಲ್ಲಿ ಎಂಬತ್ತು ಮಂದಿಗಿಂತ ಮುಂದಿರುವುದು ಎಂಬುದೇ ಅದರ ಅರ್ಥ. ಆ ಗೆರೆ ಯಾವ ಅಂಕಕ್ಕೆ ಬೀಳುತ್ತದೆ ಎಂಬುದು ಆ ವರ್ಷದ ಫಲಿತಾಂಶವನ್ನು ಅವಲಂಬಿಸಿರುತ್ತದೆ. ಆಯ್ಕೆಯಾದವರಿಗೆ ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಮಂಡಳಿಯ ಅಂಕಪಟ್ಟಿ ಒಂದು ಕಡೆ, ಆದಾಯ ಪ್ರಮಾಣಪತ್ರ ಒಂದು ಕಡೆ, ಕಾಲೇಜಿನ ಪರಿಶೀಲನೆ ಇನ್ನೊಂದು ಕಡೆ: ಇವುಗಳ ನಡುವೆ ದೊಡ್ಡವರ ಫೋನು ಎಲ್ಲಿ ಹೋಗಿ ಕೂರಬೇಕು?

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕುವ ಎಸ್‌ಎಸ್‌ಪಿ ತಂತ್ರಾಂಶದ ಕಥೆಯೂ ಬೇರೆಯಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ತುಂಬಿದರೆ ನಾಡಕಚೇರಿಯ ದಾಖಲೆಯಿಂದ ವಿವರ ತಾನಾಗಿ ಬಂದು ಕೂರುತ್ತದೆ. ಹೊಂದಿದರೆ ಅರ್ಜಿ ಮುಂದಕ್ಕೆ ಹೋಗುತ್ತದೆ, ಹೊಂದದಿದ್ದರೆ ಅಲ್ಲಿಯೇ ನಿಲ್ಲುತ್ತದೆ.

ಇಷ್ಟು ಹೇಳಿದ ಮೇಲೂ ಒಬ್ಬರು ಎದ್ದು ಕೇಳಿಯೇ ಕೇಳುತ್ತಾರೆ: ಹಾಗಾದರೆ ಪಕ್ಕದ ಮನೆಯ ಹುಡುಗನಿಗೆ ಹೇಗೆ ಬಂತು, ನಮ್ಮವನಿಗೆ ಯಾಕೆ ಬರಲಿಲ್ಲ? ಇದಕ್ಕೆ ನನ್ನ ಬಳಿ ಊಹೆಯಲ್ಲ, ಕಣ್ಣಾರೆ ಕಂಡ ಉತ್ತರವಿದೆ. ಶರಾವತಿ ಹಿನ್ನೀರಿಗೆ ಇನ್ನೂ ಸೇತುವೆಯಾಗದೆ, ಮಕ್ಕಳು ಲಾಂಚ್‌ನಲ್ಲಿ ದಾಟಿ ಸಾಗರಕ್ಕೆ ಬರುತ್ತಿದ್ದ ಕಾಲದಲ್ಲಿ, ಆಚೆ ದಡದ ಒಂದೇ ಕೇರಿಯ ಇಬ್ಬರು ಹುಡುಗರು ಒಂದೇ ದಿನ, ಒಂದೇ ಬೆಂಚಿನಲ್ಲಿ ಕುಳಿತು ಅರ್ಜಿ ಹಾಕಿದ್ದರು. ಒಬ್ಬನಿಗೆ ಹಣ ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಹಣ ಬಂದವನ ಸೋದರಮಾವನಿಗೆ ರಾಜಕೀಯದವರ ಒಡನಾಟವಿತ್ತು. ಊರಿಗೆ ಅಷ್ಟೇ ಸಾಕಾಯಿತು. ಎರಡನೆಯವನ ತಂದೆ ನನ್ನೆದುರು ಕುಳಿತು ಕಣ್ಣೊರೆಸಿಕೊಂಡರು. ನಾನು ಹುಡುಗನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಅವನ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ವಿಚಾರಿಸಿದೆ. ಅರ್ಜಿ ಹಾಕಿದ ಮೇಲೆ ಅವನು ಇನ್ನೊಂದು ಕಡೆ ಹೊಸ ಖಾತೆ ತೆರೆದಿದ್ದ, ಆಧಾರ್ ಜೋಡಣೆ ಅಲ್ಲಿಗೆ ಬದಲಾಗಿತ್ತು. ಸರ್ಕಾರದ ನೇರ ನಗದು ವರ್ಗಾವಣೆ ಅರ್ಜಿಯಲ್ಲಿ ಬರೆದ ಖಾತೆಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಇವನು ಮರೆತೇಬಿಟ್ಟಿದ್ದ ಆ ಖಾತೆಯಲ್ಲಿ ಪೂರ್ತಿ ಹಣ ಏಳು ತಿಂಗಳಿಂದ ಕುಳಿತಿತ್ತು. ಸೋದರಮಾವನ ಪ್ರಭಾವದ ಮಾತು ಮಾತ್ರ ಆ ಊರಿನಲ್ಲಿ ಇಂದಿಗೂ ನಡೆಯುತ್ತಿದೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ, ಏಕೆಂದರೆ ಆ ಮಾತನ್ನು ಕೇಳಿ ಬೆಳೆಯುವ ಚಿಕ್ಕ ಮಕ್ಕಳು ಅಲ್ಲಿ ಇನ್ನೂ ಇದ್ದಾರೆ.

ನಮ್ಮ ಮಲೆನಾಡಿನಲ್ಲಿ ಅರ್ಜಿಗಳು ಬೀಳುವುದು ಇಂಥ ಕಡೆಗಳಲ್ಲಿಯೇ. ಅಂಕಪಟ್ಟಿಯಲ್ಲಿ ಹೆಸರಿನ ಮುಂದಿದ್ದ ಇನಿಷಿಯಲ್ ಆಧಾರ್‌ನಲ್ಲಿ ಹಿಂದಕ್ಕೆ ಹೋಗಿರುತ್ತದೆ. ಒಂದರಲ್ಲಿ ಊರಿನ ಹೆಸರಿನ ಅಕ್ಷರ, ಇನ್ನೊಂದರಲ್ಲಿ ತಂದೆಯ ಹೆಸರಿನ ಅಕ್ಷರ ಮಾತ್ರ ಇರುತ್ತದೆ. ಓದುವ ಮನುಷ್ಯನಿಗೆ ಇಬ್ಬರೂ ಒಬ್ಬಳೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಗೆ ಪೋಷಕರ ಫ್ರೂಟ್ಸ್ ಗುರುತಿನ ಸಂಖ್ಯೆ, ಅಂದರೆ ಸರ್ಕಾರದ ರೈತ ನೋಂದಣಿಯ ಸಂಖ್ಯೆ ಬೇಕು; ಅದಕ್ಕೆ ಜಮೀನಿನ ದಾಖಲೆ ಅವರ ಹೆಸರಿನಲ್ಲಿರಬೇಕು. ತೋಟದಲ್ಲಿ ದುಡಿಯುವುದು ಅಪ್ಪ, ಆದರೆ ತೀರಿಕೊಂಡ ಅಜ್ಜನ ಹೆಸರೇ ಪಹಣಿಯಲ್ಲಿ ಉಳಿದಿರುವ ಮನೆಗಳು ಹೊಸನಗರ, ಸಾಗರದ ಕಡೆ ಎಷ್ಟಿಲ್ಲ! ಪೌತಿ ಖಾತೆ ಮಾಡಿಸುವುದು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳುವುದು, ಮಗಳ ಓದಿಗೆ ಸಂಬಂಧಿಸಿದ ಕೆಲಸವೆಂದು ಯಾವ ಅಪ್ಪನಿಗೂ ತಾನಾಗಿ ಹೊಳೆಯುವುದಿಲ್ಲ, ಯಾರಾದರೂ ಹೇಳಬೇಕು.

ಅಲ್ಲಿಗೆ ಮೇಷ್ಟ್ರು ಬೇಕಾಗುತ್ತಾರೆ. ನಿಮ್ಮ ಮಗಳ ಉಪನ್ಯಾಸಕರು ಮಾಡಬೇಕಾದದ್ದು ಅವಳ ಎಲ್ಲ ದಾಖಲೆಗಳನ್ನು ಒಂದು ಮೇಜಿನ ಮೇಲೆ ಹರಡಿ, ಹೆಸರು ಹೆಸರಿಗೆ ತಾಳೆಯಾಗುತ್ತದೆಯೇ ಎಂದು ನೋಡುವುದು; ಯಾವ ಯೋಜನೆಗೆ ಅವಳು ಅರ್ಹಳು, ಯಾವುದರ ಜೊತೆಗೆ ಯಾವುದನ್ನು ಪಡೆಯುವಂತಿಲ್ಲ ಎಂದು ನಿಯಮವನ್ನು ಪೂರ್ತಿ ಓದುವುದು. ಉದಾಹರಣೆಗೆ, ಹತ್ತನೆಯ ತರಗತಿಯನ್ನೂ ಅವಳು ಸರ್ಕಾರಿ ಶಾಲೆಯಲ್ಲಿಯೇ ಓದಿದ್ದರೆ, ಅಂಥ ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನವನ್ನು ಮೊದಲು ನೋಡಬೇಕು. ಬೇರೆ ವಿದ್ಯಾರ್ಥಿವೇತನ ಪಡೆಯುವವರಿಗೆ ಕೇಂದ್ರ ವಲಯದ್ದು ಸಿಗುವುದಿಲ್ಲವಾದ್ದರಿಂದ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ಕುಳಿತು ಲೆಕ್ಕ ಹಾಕಬೇಕು. ಒಮ್ಮೆ ಸಿಕ್ಕರೆ ಮುಗಿಯಿತೆಂದೂ ತಿಳಿಯಬೇಡಿ: ಕೇಂದ್ರ ವಲಯದ ನವೀಕರಣಕ್ಕೆ ಪ್ರತಿ ವರ್ಷ ಶೇಕಡಾ 50 ಅಂಕ, ಶೇಕಡಾ 75 ಹಾಜರಾತಿ ಇರಬೇಕು, ಮತ್ತು ಅರ್ಜಿಯನ್ನು ಮತ್ತೆ ಹಾಕಬೇಕು. ಅರ್ಜಿಯ ಕಾಲ ನಮ್ಮಲ್ಲಿ ಮಳೆಯ ಕಾಲ. ಕರೆಂಟು ಮೂರು ದಿನ ಇರುವುದಿಲ್ಲ, ನೆಟ್‌ವರ್ಕ್ ಗುಡ್ಡ ಹತ್ತಿದರೂ ಸಿಗುವುದಿಲ್ಲ. ಕೊನೆಯ ವಾರಕ್ಕೆ ಯಾವುದನ್ನೂ ಉಳಿಸಿಕೊಳ್ಳಬೇಡಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಖಾಸಗಿ ಅರ್ಜಿಗಳಲ್ಲಿ ವಿದ್ಯಾರ್ಥಿಯೇ ತನ್ನ ಬಗ್ಗೆ ಒಂದು ಬರಹ ಬರೆಯಬೇಕಾಗುವುದುಂಟು. ಅದನ್ನು ಮೇಷ್ಟ್ರೇ ಚೆನ್ನಾಗಿ ಬರೆದುಕೊಟ್ಟರೆ ತಪ್ಪೇನು ಎಂದು ಪೋಷಕರಿಗೆ ಅನ್ನಿಸುತ್ತದೆ. ದಯವಿಟ್ಟು ಕೇಳಬೇಡಿ, ಬರೆದುಕೊಡುತ್ತೇನೆಂದರೂ ಬೇಡವೆನ್ನಿ. ನನ್ನ ವಿದ್ಯಾರ್ಥಿನಿಯೊಬ್ಬಳು ಮೊದಲು ಬರೆದು ತಂದದ್ದು, ತಾನು ಬಡ ಕುಟುಂಬದಲ್ಲಿ ಹುಟ್ಟಿ ಕಷ್ಟಪಟ್ಟು ಓದಿದವಳು, ಮುಂದೆ ದೇಶಸೇವೆ ಮಾಡುವಾಸೆ ಎಂಬ ಒಂದು ಪುಟವನ್ನು. ಆ ಪುಟ ಯಾರದ್ದಾದರೂ ಆಗಬಹುದಿತ್ತು. ಕೊಯ್ಲಿನ ಕಾಲದಲ್ಲಿ ಮನೆಯಲ್ಲಿ ನೀನೇನು ಮಾಡುತ್ತೀ ಎಂದು ಕೇಳಿದೆ. ಅಡಿಕೆ ಸುಲಿಯಲು ಬರುವವರು ಯಾರು ಎಷ್ಟು ಡಬ್ಬ ಸುಲಿದರು ಎಂಬ ಲೆಕ್ಕ ಬರೆಯುತ್ತೇನೆ ಎಂದಳು. ಎಷ್ಟು ವರ್ಷದಿಂದ? ಆರನೆಯ ತರಗತಿಯಿಂದ. ಆ ಪುಸ್ತಕಗಳು ಇವೆಯೇ? ಇವೆ.

ಮರುದಿನ ಅವಳು ಏಳು ನೋಟ್‌ಪುಸ್ತಕ ತಂದಳು. ಕೊಳೆರೋಗ ಬಂದ ವರ್ಷ ಡಬ್ಬಗಳು ಅರ್ಧಕ್ಕೆ ಇಳಿದದ್ದು, ಮಳೆ ಬಿಡದೆ ಬೋರ್ಡೋ ದ್ರಾವಣ ಎರಡನೆಯ ಸಲ ಹೊಡೆಯಲಾಗದೇ ಹೋದದ್ದು, ಆ ವರ್ಷ ಸುಲಿಯಲು ಬರುತ್ತಿದ್ದ ಹೆಂಗಸರಲ್ಲಿ ಇಬ್ಬರನ್ನು ಅಮ್ಮ ಬರಬೇಡಿ ಎಂದು ಹೇಳಬೇಕಾಗಿ ಬಂದದ್ದು, ಎಲ್ಲವೂ ಅವಳ ಅಕ್ಷರದಲ್ಲಿತ್ತು. ಅದನ್ನೇ ಬರೆ ಎಂದೆ. ಎರಡು ಪುಟ ಬರೆದಳು. ಲೆಕ್ಕಶಾಸ್ತ್ರ ಓದಬೇಕೆಂದು ಯಾಕೆ ಅನ್ನಿಸಿತು ಎಂಬುದು ಕೊನೆಯ ನಾಲ್ಕು ಸಾಲಿನಲ್ಲಿತ್ತು. ಸಂದರ್ಶನದಲ್ಲಿ ಬಹುಪಾಲು ಆ ಡಬ್ಬಗಳ ಬಗ್ಗೆಯೇ ಕೇಳಿದರಂತೆ, ಇವಳು ಬೆಲೆಯನ್ನೂ ವರ್ಷವನ್ನೂ ನೋಡಿಕೊಳ್ಳದೆ ಹೇಳುತ್ತಾ ಹೋದಳಂತೆ. ವಿದ್ಯಾರ್ಥಿವೇತನ ಬಂತು, ಈಗ ಶಿವಮೊಗ್ಗದಲ್ಲಿ ಬಿ.ಕಾಂ. ಮೂರನೆಯ ವರ್ಷದಲ್ಲಿದ್ದಾಳೆ. ಆ ಎರಡು ಪುಟಗಳ ಪ್ರತಿ ನನ್ನ ಮೇಜಿನ ಖಾನೆಯಲ್ಲಿದೆ. ನಾನು ಅದರಲ್ಲಿ ತಿದ್ದಿದ್ದು ಎರಡು ಕಾಗುಣಿತ ಮತ್ತು ಒಂದು ದಿನಾಂಕ.